ಖಾಸಗಿ ವಿಹಾರ ಕೆರೆಯ ಕಟ್ಟೆ: ಹಾನಿಯ ವರ್ಗೀಕರಣ ಮತ್ತು ಮಾಲೀಕನ ಹೊಣೆ

ಅಣೆಕಟ್ಟು ಎಂಬ ಮಾತು ಕಿವಿಗೆ ಬಿದ್ದೊಡನೆ ಭಾಕ್ರಾ, ನಾಗಾರ್ಜುನಸಾಗರ, ತುಂಗಭದ್ರಾ, ಕೃಷ್ಣರಾಜಸಾಗರಗಳಂತಹ ಬೃಹತ್ ನಿರ್ಮಾಣಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಇವುಗಳನ್ನು ಕಟ್ಟಿಸಿದವರು ಅರಸರು ಅಥವಾ ಸರ್ಕಾರಗಳು. ಇವುಗಳಿಗೆ ಎಂಜಿನಿಯರುಗಳಿದ್ದಾರೆ, ಕಾವಲುಗಾರರಿದ್ದಾರೆ, ದಿನದಿನದ ನೀರಿನ ಮಟ್ಟವನ್ನು ಬರೆದಿಡುವ ಕಚೇರಿಗಳಿವೆ. ಆದರೆ ಇವುಗಳ ಜೊತೆಗೆ, ಹೆಸರು ಕೇಳಿರದ ಅನೇಕ ಸಣ್ಣ ಕಟ್ಟೆಗಳೂ ಲೋಕದಲ್ಲಿವೆ. ಯಾವುದೋ ಎಸ್ಟೇಟಿನವರು, ಕಾಲೇಜಿನವರು, ಕ್ಲಬ್ಬಿನವರು ಅಥವಾ ವಿಹಾರಧಾಮದವರು ಹಳ್ಳವೊಂದಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸುತ್ತಾರೆ. ದೋಣಿ ವಿಹಾರ, ಮೀನು ಹಿಡಿಯುವುದು, ಈಜು, ದಡದ ಮೇಲಿನ ವಸತಿಗೃಹಗಳಿಗೆ ನೋಟದ ಸೊಗಸು, ಇಷ್ಟೇ ಅದರ ಉದ್ದೇಶ. ಇಂತಹ ಕಟ್ಟೆಯನ್ನು ಯಾರೂ ಅಣೆಕಟ್ಟೆಂದು ಎಣಿಸುವುದಿಲ್ಲ. ಅದು ಒಡೆದ ದಿನ ಮಾತ್ರ ಅದು ಅಣೆಕಟ್ಟಾಗಿತ್ತೆಂಬುದು ಎಲ್ಲರಿಗೂ ತಿಳಿಯುತ್ತದೆ.

ಇಂತಹ ಕಟ್ಟೆಗಳು ಹೇಗೆ ಕೆಲಸ ಮಾಡುತ್ತವೆ, ಏಕೆ ಒಡೆಯುತ್ತವೆ, ಅವುಗಳನ್ನು ಸುರಕ್ಷತೆಯ ದೃಷ್ಟಿಯಿಂದ ಹೇಗೆ ವರ್ಗೀಕರಿಸಲಾಗುತ್ತದೆ ಮತ್ತು ಭಾರತದಲ್ಲಿ ಈ ಕುರಿತು ಇರುವ ಕಾನೂನು ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಸಣ್ಣ ಕೆರೆಯಲ್ಲಿ ಅಡಗಿರುವ ಬಲ

ಮೊದಲು ಒಂದು ಸರಳ ಲೆಕ್ಕವನ್ನು ಗಮನಿಸೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ಒಂದು ಎಕರೆ ವಿಸ್ತಾರದ ಕೊಳದಲ್ಲಿ ಸರಾಸರಿ 3 ಮೀಟರು ಆಳದ ನೀರಿದ್ದರೆ ಅದರ ಪ್ರಮಾಣ ಸುಮಾರು 12,000 ಘನ ಮೀಟರು. ಒಂದು ಘನ ಮೀಟರು ನೀರಿನ ತೂಕ ಒಂದು ಟನ್ನು. ಎಂದರೆ ಒಂದೇ ಎಕರೆಯ ಕೊಳದಲ್ಲಿ 12,000 ಟನ್ನು ಭಾರದ ನೀರು ನಿಂತಿರುತ್ತದೆ. ಹತ್ತು ಟನ್ನು ಹೊರುವ ಲಾರಿಗಳಲ್ಲಿ ಇದನ್ನು ತುಂಬಿಸಬೇಕಾದರೆ 1,200 ಲಾರಿಗಳು ಬೇಕಾಗುತ್ತವೆ.

ನೀರಿನ ಒತ್ತಡವು ಅದರ ಆಳವನ್ನು ಅವಲಂಬಿಸಿರುತ್ತದೆಯೇ ಹೊರತು ಕೆರೆಯ ವಿಸ್ತಾರವನ್ನಲ್ಲ. ಹತ್ತು ಮೀಟರು ಆಳದಲ್ಲಿ, ಕೆರೆ ಹಿರಿದಾಗಿರಲಿ ಕಿರಿದಾಗಿರಲಿ, ಪ್ರತಿ ಚದರ ಮೀಟರಿನ ಮೇಲೂ ಸುಮಾರು ಹತ್ತು ಟನ್ನು ಭಾರದಷ್ಟು ಒತ್ತಡವಿರುತ್ತದೆ. ಈ ಒತ್ತಡ ಹಗಲಿರುಳೂ ಏರಿಯನ್ನು ತಳ್ಳುತ್ತಿರುತ್ತದೆ. ಎಲ್ಲಿ ಸಡಿಲವಿದೆಯೋ ಅಲ್ಲಿ ದಾರಿ ಹುಡುಕುತ್ತಿರುತ್ತದೆ.

ನಮ್ಮ ನಾಡಿನ ಕೆರೆಗಳನ್ನು ಬಲ್ಲವರಿಗೆ ಕಟ್ಟೆಯ ಮೂರು ಮುಖ್ಯ ಅಂಗಗಳು ಪರಿಚಿತವೇ ಆಗಿವೆ. ನೀರನ್ನು ತಡೆದು ನಿಲ್ಲಿಸುವುದು ಏರಿ. ಬೇಕಾದಾಗ ನೀರನ್ನು ಅಳತೆಯಿಂದ ಹೊರಗೆ ಬಿಡುವುದು ತೂಬು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಮುಟ್ಟದಂತೆ ಪಕ್ಕದಿಂದ ಹರಿದುಹೋಗಲು ಇರುವುದು ಕೋಡಿ. ಹಳ್ಳಿಗಳಲ್ಲಿ ಇವುಗಳ ಮೇಲ್ವಿಚಾರಣೆಗೆ ನೀರಗಂಟಿಯೆಂಬ ವ್ಯಕ್ತಿಯನ್ನು ನೇಮಿಸುವ ಪದ್ಧತಿ ಇತ್ತು. ಏರಿ, ತೂಬು, ಕೋಡಿ ಮತ್ತು ನೋಡಿಕೊಳ್ಳುವ ಮನುಷ್ಯ, ಈ ನಾಲ್ಕರಲ್ಲಿ ಒಂದು ಇಲ್ಲವಾದರೂ ಕಟ್ಟೆ ಸುರಕ್ಷಿತವಲ್ಲ. ಮುಂದೆ ವಿವರಿಸಲಾಗುವ ಎರಡು ದುರಂತಗಳ ತಿರುಳೂ ಇದೇ ಆಗಿದೆ.

ಮಣ್ಣಿನ ಏರಿ ಒಡೆಯಲು ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಒಂದು, ಕೋಡಿ ಸಾಲದೆ ನೀರು ಏರಿಯ ನೆತ್ತಿಯ ಮೇಲೆಯೇ ಹರಿಯುವುದು. ಹೀಗೆ ಹರಿದ ನೀರು ಹೊರ ಇಳಿಜಾರಿನ ಮಣ್ಣನ್ನು ಕೊರೆಯುತ್ತಾ ಕೆಲವೇ ಗಂಟೆಗಳಲ್ಲಿ ಏರಿಯನ್ನು ಸೀಳಿಬಿಡಬಲ್ಲದು. ಎರಡು, ಏರಿಯ ಒಡಲಿನ ಮೂಲಕ ನೀರು ಜಿನುಗುತ್ತಾ ಮಣ್ಣಿನ ಕಣಗಳನ್ನು ಹೊತ್ತೊಯ್ದು ಒಳಗೆ ಕೊಳವೆಯಂತಹ ಬಿಲವನ್ನು ಉಂಟುಮಾಡುವುದು. ಹಳೆಯ ತೂಬಿನ ಕೊಳವೆಯ ಸುತ್ತ, ಒಣಗಿದ ಮರದ ಬೇರುಗಳು ಕೊಳೆತ ಜಾಗದಲ್ಲಿ, ಇಲಿ ಹೆಗ್ಗಣಗಳ ಬಿಲಗಳಲ್ಲಿ ಇದು ಸುಲಭವಾಗಿ ಆರಂಭವಾಗುತ್ತದೆ. ಮೂರು, ಅತಿ ಕಡಿದಾದ ಇಳಿಜಾರು ನೆನೆದು ಕುಸಿಯುವುದು. ಹಲವು ವೇಳೆ ಈ ಮೂರೂ ಒಂದಕ್ಕೊಂದು ನೆರವಾಗುತ್ತವೆ.

ಟಕೋವಾದ ಒಂದು ರಾತ್ರಿ

ಅಮೆರಿಕ ಸಂಯುಕ್ತ ಸಂಸ್ಥಾನದ ಜಾರ್ಜಿಯಾ ರಾಜ್ಯದಲ್ಲಿ ಟಕೋವಾ ಎಂಬ ಊರಿದೆ. ಅದರ ಸಮೀಪ ಸುಮಾರು 186 ಅಡಿ ಎತ್ತರದ ಜಲಪಾತವೊಂದಿದೆ. ಜಲಪಾತದ ಬುಡದ ಕಣಿವೆಯಲ್ಲಿ ಟಕೋವಾ ಫಾಲ್ಸ್ ಬೈಬಲ್ ಕಾಲೇಜು ನಡೆಯುತ್ತಿತ್ತು. ಜಲಪಾತಕ್ಕೆ ಮೇಲೆ, ಅದೇ ಹಳ್ಳಕ್ಕೆ ಅಡ್ಡಲಾಗಿ ಕೆಲ್ಲಿ ಬಾರ್ನ್ಸ್ ಎಂಬ ಕಟ್ಟೆ ಇತ್ತು. ಕಟ್ಟೆಯ ಒಡೆತನ ಕಾಲೇಜಿನದೇ.

ಈ ಕಟ್ಟೆ ಒಮ್ಮೆಗೇ ಒಂದು ನಕ್ಷೆಯಂತೆ ನಿರ್ಮಾಣಗೊಂಡದ್ದಲ್ಲ. 1899ರ ಸುಮಾರಿಗೆ ಮರದ ಚೌಕಟ್ಟಿನಲ್ಲಿ ಕಲ್ಲು ತುಂಬಿ ಕಟ್ಟಿದ ಚಿಕ್ಕ ತಡೆಯೊಂದು ಅಲ್ಲಿತ್ತು. 1930ರ ದಶಕದ ಕೊನೆಯಲ್ಲಿ ವಿದ್ಯುತ್ ಉತ್ಪಾದನೆಗೆಂದು ಅದರ ಮೇಲೆ ಮಣ್ಣು ಹೇರಲಾಯಿತು. ಎರಡನೆಯ ಮಹಾಯುದ್ಧದ ನಂತರ ಮತ್ತಷ್ಟು ಎತ್ತರಿಸಲಾಯಿತು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು. ಅಲ್ಲಿಂದ ಮುಂದೆ ಅದು ಕೇವಲ ವಿಹಾರದ ಕೆರೆಯಾಗಿ ಉಳಿಯಿತು. ಉದ್ದ ಸುಮಾರು 400 ಅಡಿ. ಎತ್ತರ ಸುಮಾರು 38 ಅಡಿ, ಅಂದರೆ 12 ಮೀಟರಿಗಿಂತ ಸ್ವಲ್ಪ ಕಡಿಮೆ. ಕೆರೆಯ ವಿಸ್ತಾರ ಸುಮಾರು 40 ಎಕರೆ.

1977ರ ನವೆಂಬರ್ ಮೊದಲ ವಾರದಲ್ಲಿ ಆ ಪ್ರದೇಶದಲ್ಲಿ ಭಾರಿ ಮಳೆಯಾಯಿತು. ನವೆಂಬರ್ 6ರ ಬೆಳಗಿನ ಜಾವ ಸುಮಾರು ಒಂದೂವರೆ ಗಂಟೆಗೆ ಕಟ್ಟೆ ಒಡೆಯಿತು. ಆಗ ಕೆರೆಯಲ್ಲಿದ್ದ ನೀರು ಸುಮಾರು 7 ಲಕ್ಷ 77 ಸಾವಿರ ಘನ ಮೀಟರು. ಅದು ಜಲಪಾತದ ಮೇಲಿನಿಂದ ಧುಮುಕಿ ಕಾಲೇಜಿನ ಆವರಣವನ್ನು ಹೊಕ್ಕಿತು. ಪ್ರವಾಹದ ಗರಿಷ್ಠ ಪ್ರಮಾಣ ಸೆಕೆಂಡಿಗೆ ಸುಮಾರು 680 ಘನ ಮೀಟರು ಇದ್ದಿತೆಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅಂದಾಜು ಮಾಡಿತು. ವಿದ್ಯಾರ್ಥಿನಿಲಯದ ಕೆಳ ಅಂತಸ್ತಿನಲ್ಲಿಯೂ, ಹಳ್ಳದ ಪಕ್ಕದ ಹಗುರ ಮನೆಗಳಲ್ಲಿಯೂ ಜನರು ನಿದ್ರೆಯಲ್ಲಿದ್ದರು. ಮಕ್ಕಳೂ ಸೇರಿದಂತೆ 39 ಮಂದಿ ಪ್ರಾಣ ಕಳೆದುಕೊಂಡರು.

ತನಿಖೆ ನಡೆಸಿದವರು ಒಂದೇ ಒಂದು ಕಾರಣವನ್ನು ಬೆರಳಿಟ್ಟು ತೋರಿಸಲಿಲ್ಲ. ಹೊರ ಇಳಿಜಾರು ಅತಿ ಕಡಿದಾಗಿತ್ತು. ಕೆಲವು ವರ್ಷಗಳ ಮೊದಲೇ ಅದರ ಒಂದು ಭಾಗ ಜಾರಿದ್ದುದು ಛಾಯಾಚಿತ್ರದಲ್ಲಿ ದಾಖಲಾಗಿತ್ತು. ಏರಿಯ ಮೇಲೆ ಮರಗಿಡಗಳು ಬೆಳೆದಿದ್ದವು. ಏರಿಯ ಒಡಲಲ್ಲಿ ಹಳೆಯ ಕೊಳವೆ ಇತ್ತು. ಇವುಗಳಲ್ಲಿ ಹಲವು ಒಟ್ಟುಗೂಡಿ ಕಟ್ಟೆಯನ್ನು ಕೆಡವಿರಬೇಕೆಂಬುದು ಅವರ ತೀರ್ಮಾನವಾಗಿತ್ತು. ಇವುಗಳಲ್ಲಿ ಅನೇಕವು ಹಗಲು ಬೆಳಕಿನಲ್ಲಿ ಏರಿಯ ಮೇಲೆ ನಡೆದವರ ಕಣ್ಣಿಗೆ ಬೀಳುವಂತಹವು ಎಂಬುದು ಗಮನಾರ್ಹ.

ಸೌತ್ ಫೋರ್ಕ್: ಕ್ಲಬ್ಬಿನ ಕೆರೆ

ಇದಕ್ಕೂ ಎಂಬತ್ತೆಂಟು ವರ್ಷಗಳ ಹಿಂದೆ ಅದೇ ದೇಶದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇನ್ನೂ ಘೋರವಾದ ದುರಂತ ನಡೆದಿತ್ತು. ಕಾಲುವೆ ಸಂಚಾರಕ್ಕೆ ನೀರೊದಗಿಸಲು ರಾಜ್ಯ ಸರ್ಕಾರ ಕಟ್ಟಿಸಿದ್ದ ಸೌತ್ ಫೋರ್ಕ್ ಅಣೆಕಟ್ಟು ರೈಲು ಬಂದ ಮೇಲೆ ನಿರುಪಯುಕ್ತವಾಯಿತು. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಸಿರಿವಂತರ ವಿಹಾರ ಕ್ಲಬ್ಬೊಂದರ ಪಾಲಾಯಿತು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ, ಹೆನ್ರಿ ಫ್ರಿಕ್ ಮೊದಲಾದವರು ಅದರ ಸದಸ್ಯರಾಗಿದ್ದರು. ಈ ಕಟ್ಟೆ ಎತ್ತರದಲ್ಲಿ ಸಣ್ಣದಲ್ಲ. ಅದರ ಎತ್ತರ 72 ಅಡಿ. ಆದರೆ ಅದನ್ನು ನಡೆಸಿಕೊಂಡ ರೀತಿ ಮನೆಯ ಹಿತ್ತಿಲ ಕೊಳದಂತಿತ್ತು.

ಹಿಂದಿನ ಮಾಲೀಕನೊಬ್ಬ ತೂಬಿನ ಎರಕದ ಕಬ್ಬಿಣದ ಕೊಳವೆಗಳನ್ನು ಕಿತ್ತು ಮಾರಿದ್ದ. ಕ್ಲಬ್ಬಿನವರು ಅವುಗಳನ್ನು ಮರಳಿ ಹಾಕಿಸಲಿಲ್ಲ. ಹೀಗಾಗಿ ಕೆರೆಯ ನೀರನ್ನು ಇಳಿಸಿ ದುರಸ್ತಿ ಮಾಡುವ ಉಪಾಯವೇ ಇಲ್ಲವಾಯಿತು. ಸಾರೋಟುಗಳು ಎದುರುಬದುರಾಗಿ ಹಾಯಲೆಂದು ಏರಿಯ ನೆತ್ತಿಯನ್ನು ಎರಡು ಮೂರು ಅಡಿ ತಗ್ಗಿಸಿ ಅಗಲ ಮಾಡಲಾಯಿತು. ಇದರಿಂದ ಕೋಡಿಯ ಸಾಮರ್ಥ್ಯ ತಗ್ಗಿತು. ಸಾಕಿದ ಮೀನುಗಳು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಕಟ್ಟಲಾಯಿತು. ಪ್ರವಾಹದ ಸಮಯದಲ್ಲಿ ಕಸಕಡ್ಡಿ ಆ ಜಾಲರಿಗೆ ಸಿಕ್ಕಿಕೊಂಡಿತು. ಕಣಿವೆಯ ಕೆಳಗಿದ್ದ ಕೇಂಬ್ರಿಯಾ ಉಕ್ಕಿನ ಕಂಪನಿ 1880ರಲ್ಲಿಯೇ ತನ್ನ ಎಂಜಿನಿಯರನ್ನು ಕಳುಹಿಸಿ ಪರಿಶೀಲಿಸಿ, ನೀರು ಇಳಿಸುವ ಕೊಳವೆ ಇಲ್ಲವೆಂದೂ, ದುರಸ್ತಿ ಸಮರ್ಪಕವಲ್ಲವೆಂದೂ ಎಚ್ಚರಿಸಿತ್ತು. ಕ್ಲಬ್ಬು ಆ ಮಾತನ್ನು ತಳ್ಳಿಹಾಕಿತು.

1889ರ ಮೇ 31ರ ಮಧ್ಯಾಹ್ನ, ಭಾರಿ ಮಳೆಯ ನಂತರ, ನೀರು ನೆತ್ತಿಯ ಮೇಲೆ ಹರಿದು ಅಣೆಕಟ್ಟು ಒಡೆಯಿತು. ಒಂದೂಕಾಲು ಕೋಟಿ ಘನ ಮೀಟರಿಗೂ ಮಿಗಿಲಾದ ನೀರು ಸುಮಾರು 14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣವನ್ನು ಒಂದು ಗಂಟೆಯ ಸುಮಾರಿನಲ್ಲಿ ತಲುಪಿತು. ಸತ್ತವರು 2,200ಕ್ಕೂ ಹೆಚ್ಚು. ಅಪಾಯದ ತಂತಿ ಸಂದೇಶಗಳು ಹೋಗಿದ್ದವು; ಆದರೆ ಹಿಂದಿನ ವರ್ಷಗಳಲ್ಲಿ ಇಂತಹ ಸುದ್ದಿ ಹುಸಿಯಾಗಿದ್ದುದರಿಂದ ಅವುಗಳಿಗೆ ಬೆಲೆ ಸಿಗಲಿಲ್ಲ. ದಾವೆಗಳು ಹೂಡಲ್ಪಟ್ಟರೂ ನ್ಯಾಯಾಲಯಗಳು ಕ್ಲಬ್ಬನ್ನಾಗಲಿ ಅದರ ಸದಸ್ಯರನ್ನಾಗಲಿ ಹೊಣೆ ಮಾಡಲಿಲ್ಲ. ಅದು ದೈವದ ಕೃತ್ಯವೆಂದು ಪರಿಗಣಿಸಲಾಯಿತು.

ವರ್ಗೀಕರಣದ ಹುಟ್ಟು

1972ರ ಫೆಬ್ರವರಿ 26ರಂದು ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಕಟ್ಟೆ ಒಡೆದು 125 ಜನ ಸತ್ತರು. ಅದೇ ವರ್ಷ ಅಮೆರಿಕದಲ್ಲಿ ರಾಷ್ಟ್ರೀಯ ಅಣೆಕಟ್ಟು ತಪಾಸಣಾ ಕಾಯಿದೆ ಜಾರಿಗೆ ಬಂದಿತು. 25 ಅಡಿ ಎತ್ತರದ ಅಥವಾ 50 ಎಕರೆ-ಅಡಿ ನೀರು ಹಿಡಿಯುವ ಕಟ್ಟೆಗಳೆಲ್ಲ, ಮಾಲೀಕರು ಯಾರೇ ಆಗಿರಲಿ, ಅದರ ವ್ಯಾಪ್ತಿಗೆ ಬಂದವು. ಆದರೆ ಹಣ ಒದಗದೆ ತಪಾಸಣೆ ಹಿಂದುಳಿಯಿತು. ಪಟ್ಟಿ ಮಾತ್ರ ತಯಾರಾಯಿತು. ಕಾನೂನು ಬಂದ ಐದು ವರ್ಷಗಳ ನಂತರ ಟಕೋವಾದ ಕಟ್ಟೆ ಒಡೆದದ್ದು ಈ ಹಿನ್ನೆಲೆಯಲ್ಲಿ. ಜಾರ್ಜಿಯಾದವರೇ ಆದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಹೆಚ್ಚು ಹಾನಿ ಮಾಡಬಲ್ಲ ಖಾಸಗಿ ಹಾಗೂ ಸ್ಥಳೀಯ ಅಣೆಕಟ್ಟುಗಳನ್ನು ಕೂಡಲೇ ತಪಾಸಣೆ ಮಾಡುವಂತೆ ಸೇನೆಯ ಎಂಜಿನಿಯರ್ ದಳಕ್ಕೆ ಆದೇಶಿಸಿದರು. 1981ರವರೆಗೆ ಸುಮಾರು 8,800 ಕಟ್ಟೆಗಳ ತಪಾಸಣೆ ನಡೆಯಿತು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಸುರಕ್ಷಿತವೆಂದು ಕಂಡುಬಂದಿತು.

ಯಾವ ಕಟ್ಟೆಯನ್ನು ಮೊದಲು ನೋಡಬೇಕು ಎಂಬ ಪ್ರಶ್ನೆಗೆ ಉತ್ತರವಾಗಿಯೇ ವರ್ಗೀಕರಣದ ಪದ್ಧತಿ ರೂಪುಗೊಂಡಿದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಮೂರು ವರ್ಗಗಳು ಹೀಗಿವೆ:

1. ಅಲ್ಪ ಹಾನಿಯ ವರ್ಗ: ಕಟ್ಟೆ ಒಡೆದರೆ ಜೀವಹಾನಿ ನಿರೀಕ್ಷಿತವಲ್ಲ. ಆಸ್ತಿಯ ಹಾನಿ ಕಡಿಮೆ; ಅದೂ ಬಹುಪಾಲು ಮಾಲೀಕನ ಸ್ವಂತ ಭೂಮಿಗೆ ಸೀಮಿತ.

2. ಗಣನೀಯ ಹಾನಿಯ ವರ್ಗ: ಜೀವಹಾನಿ ನಿರೀಕ್ಷಿತವಲ್ಲ, ಆದರೆ ಇತರರ ಆಸ್ತಿ, ಪರಿಸರ, ರಸ್ತೆ, ಕುಡಿಯುವ ನೀರು, ವಿದ್ಯುತ್ ಮುಂತಾದ ಸೌಕರ್ಯಗಳಿಗೆ ಧಕ್ಕೆಯಾಗುತ್ತದೆ.

3. ಅಧಿಕ ಹಾನಿಯ ವರ್ಗ: ಒಂದು ಅಥವಾ ಹೆಚ್ಚು ಜೀವಗಳು ಹೋಗುವ ಸಂಭವವಿದೆ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಮನಗಾಣಬೇಕು. ಮೊದಲನೆಯದು, ಮೂರನೆಯ ವರ್ಗಕ್ಕೆ ಸೇರಲು ನೂರಾರು ಜೀವಗಳ ಲೆಕ್ಕ ಬೇಕಿಲ್ಲ. ಒಂದು ಜೀವ ಸಾಕು. ಎರಡನೆಯದು, ಕಟ್ಟೆಯ ಎತ್ತರ ಇಲ್ಲಿ ಮಾನದಂಡವಲ್ಲ. ಕಾಡಿನ ನಡುವಿನ ಎತ್ತರದ ಕಟ್ಟೆ ಅಲ್ಪ ಹಾನಿಯ ವರ್ಗದಲ್ಲಿರಬಹುದು; ಶಾಲೆಯ ಮೇಲ್ಭಾಗದ ಚಿಕ್ಕ ಕಟ್ಟೆ ಅಧಿಕ ಹಾನಿಯ ವರ್ಗದಲ್ಲಿರಬಹುದು. ವರ್ಗವನ್ನು ನಿರ್ಧರಿಸುವುದು ಕಟ್ಟೆಯ ಹಿಂದೆ ಏನಿದೆ ಎಂಬುದಷ್ಟೇ ಅಲ್ಲ. ಕಟ್ಟೆಯ ಮುಂದೆ, ಹಳ್ಳದ ಪಾತ್ರದುದ್ದಕ್ಕೂ, ಯಾರಿದ್ದಾರೆ ಎಂಬುದು.

ವರ್ಗ ಬೇರೆ, ಸ್ಥಿತಿ ಬೇರೆ

ಕನ್ನಡದಲ್ಲಿ ಈ ವಿಷಯವನ್ನು ಹೇಳುವಾಗ ಒಂದು ತೊಡಕು ಎದುರಾಗುತ್ತದೆ. ಕಟ್ಟೆ ಒಡೆದರೆ ಆಗಬಹುದಾದ ಕೇಡನ್ನೂ, ಕಟ್ಟೆ ಒಡೆಯುವ ಸಂಭವವನ್ನೂ ನಾವು ಅಪಾಯ ಎಂಬ ಒಂದೇ ಪದದಿಂದ ಸೂಚಿಸುತ್ತೇವೆ. ಆದುದರಿಂದ ಪತ್ರಿಕೆಯಲ್ಲಿ ಅಧಿಕ ಅಪಾಯದ ಅಣೆಕಟ್ಟು ಎಂದು ಓದಿದವರು ಅದು ನಾಳೆಯೇ ಬೀಳಲಿದೆಯೆಂದು ಹೆದರುತ್ತಾರೆ. ಅಲ್ಪ ಅಪಾಯದ ಅಣೆಕಟ್ಟು ಎಂದು ಓದಿದವರು ಅದು ಭದ್ರವಾಗಿದೆಯೆಂದು ನಂಬುತ್ತಾರೆ. ಎರಡೂ ತಪ್ಪು ತಿಳುವಳಿಕೆ. ಇದನ್ನು ತಪ್ಪಿಸಲೆಂದೇ ಈ ಲೇಖನದಲ್ಲಿ ಹಾನಿಯ ವರ್ಗ ಮತ್ತು ಕಟ್ಟೆಯ ಸ್ಥಿತಿ ಎಂಬ ಎರಡು ಪ್ರತ್ಯೇಕ ಮಾತುಗಳನ್ನು ಬಳಸಲಾಗಿದೆ.

ಹಾನಿಯ ವರ್ಗವು ಒಡೆದರೆ ಏನಾದೀತು ಎಂಬುದನ್ನು ಹೇಳುತ್ತದೆ. ಕಟ್ಟೆಯ ಸ್ಥಿತಿಯು ಅದು ಒಡೆಯುವ ಸಂಭವವೆಷ್ಟು ಎಂಬುದನ್ನು ಹೇಳುತ್ತದೆ. ಅಧಿಕ ಹಾನಿಯ ವರ್ಗದ ಕಟ್ಟೆ ಅತ್ಯಂತ ಸುಸ್ಥಿತಿಯಲ್ಲಿರಬಹುದು. ವರ್ಗವೂ ಅಧಿಕ, ಸ್ಥಿತಿಯೂ ಕೆಟ್ಟದ್ದು ಎಂಬ ಕಟ್ಟೆಯೇ ನಿಜವಾದ ಗಂಡಾಂತರ.

ಇದರ ಜೊತೆಗೆ ಮತ್ತೊಂದು ಸಂಗತಿಯಿದೆ. ಹಾನಿಯ ವರ್ಗ ಶಾಶ್ವತವಲ್ಲ. ಕಟ್ಟಿದಾಗ ಕೆಳಗೆ ಬರಿಯ ಹೊಲಗಳಿದ್ದರೆ ಅದು ಅಲ್ಪ ಹಾನಿಯ ಕಟ್ಟೆ. ಇಪ್ಪತ್ತು ವರ್ಷಗಳಲ್ಲಿ ಆ ಹೊಲಗಳು ನಿವೇಶನಗಳಾಗಿ, ಹಳ್ಳದ ಪಕ್ಕದಲ್ಲಿ ಕಾರ್ಮಿಕರ ಗುಡಿಸಲುಗಳೆದ್ದರೆ ಕಟ್ಟೆಯ ಒಂದು ಕಲ್ಲೂ ಅಲುಗದೆ ಅದು ಅಧಿಕ ಹಾನಿಯ ವರ್ಗಕ್ಕೆ ಏರುತ್ತದೆ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳಂತಹ ನಗರಗಳು ಹರಡುತ್ತಿರುವ ವೇಗವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ವರ್ಗೀಕರಣವನ್ನು ನಿಯತಕಾಲಗಳಲ್ಲಿ ಮರುಪರಿಶೀಲಿಸುವುದು ಅವಶ್ಯಕ.

ಭಾರತದ ಕಾನೂನು

ನಮ್ಮ ದೇಶವೂ ಇಂತಹ ದುರಂತಗಳಿಂದ ಹೊರತಲ್ಲ. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು, ಅದರ ಹಿಂದೆಯೇ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು ಪುಣೆ ನಗರ ನೀರಿನಲ್ಲಿ ಮುಳುಗಿದ್ದನ್ನು ಅಲ್ಲಿನ ಹಿರಿಯ ಕನ್ನಡಿಗರು ಇಂದಿಗೂ ನೆನೆಯುತ್ತಾರೆ. ಗುಜರಾತಿನ ಮೋರ್ಬಿ ಪಟ್ಟಣವನ್ನು 1979ರ ಆಗಸ್ಟ್ 11ರಂದು ಮಚ್ಛು ಅಣೆಕಟ್ಟಿನ ನೀರು ಹಾಳುಗೆಡವಿತು. ಸಣ್ಣ ಕಟ್ಟೆಗಳ ಸಾಲಿಗೆ ಸೇರುವ ನಿದರ್ಶನವೆಂದರೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ. 2019ರ ಜುಲೈ 2ರ ರಾತ್ರಿ ಈ ಸಣ್ಣ ನೀರಾವರಿ ಅಣೆಕಟ್ಟು ಒಡೆದು ಸುಮಾರು ಇಪ್ಪತ್ತು ಜನ ಮೃತಪಟ್ಟರು.

ಸಂಸತ್ತು ಅಂಗೀಕರಿಸಿದ ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021, ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಇದರ ಮೇರೆಗೆ ಕೇಂದ್ರದಲ್ಲಿ ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಸಮಿತಿ ಹಾಗೂ ಪ್ರಾಧಿಕಾರ, ರಾಜ್ಯಗಳಲ್ಲಿ ರಾಜ್ಯ ಸಮಿತಿ ಹಾಗೂ ರಾಜ್ಯ ಅಣೆಕಟ್ಟು ಸುರಕ್ಷತಾ ಸಂಸ್ಥೆಗಳನ್ನು ರಚಿಸಲು ಅವಕಾಶ ಕಲ್ಪಿಸಲಾಗಿದೆ. ಅಣೆಕಟ್ಟುಗಳನ್ನು ಹಾನಿಯ ದೃಷ್ಟಿಯಿಂದ ವರ್ಗೀಕರಿಸುವುದು ರಾಜ್ಯ ಸಂಸ್ಥೆಯ ಕರ್ತವ್ಯಗಳಲ್ಲೊಂದು. ಮಾಲೀಕ ಎಂಬ ಪದದ ವ್ಯಾಪ್ತಿಯಲ್ಲಿ ಸರ್ಕಾರಗಳು ಮಾತ್ರವಲ್ಲದೆ ಕಂಪನಿಗಳೂ, ಅಣೆಕಟ್ಟನ್ನು ಹೊಂದಿರುವ ಅಥವಾ ನಡೆಸುವ ಇತರ ವ್ಯಕ್ತಿಗಳೂ ಸೇರಿದ್ದಾರೆ. ಖಾಸಗಿ ಒಡೆತನ ನಮ್ಮಲ್ಲಿ ಹೊಸತೇನಲ್ಲ. ಲೋನಾವಳ ಸುತ್ತಲಿನ ಟಾಟಾ ಜಲವಿದ್ಯುತ್ ಅಣೆಕಟ್ಟುಗಳು ಒಂದು ಶತಮಾನಕ್ಕೂ ಹಳೆಯವು.

ಯಾವ ಅಣೆಕಟ್ಟು ಈ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ? ಎತ್ತರ 15 ಮೀಟರಿಗಿಂತ ಹೆಚ್ಚಿದ್ದರೆ ಬೇರೆ ಷರತ್ತಿಲ್ಲದೆ ಬರುತ್ತದೆ. ಎತ್ತರ 10ರಿಂದ 15 ಮೀಟರಿನೊಳಗಿದ್ದರೆ ಕೆಳಗಿನವುಗಳಲ್ಲಿ ಕನಿಷ್ಠ ಒಂದಾದರೂ ಅನ್ವಯಿಸಬೇಕು:

1. ನೆತ್ತಿಯ ಉದ್ದ 500 ಮೀಟರಿಗೆ ಕಡಿಮೆಯಿಲ್ಲದಿರುವುದು.

2. ನೀರಿನ ಸಂಗ್ರಹ ಸಾಮರ್ಥ್ಯ ಹತ್ತು ಲಕ್ಷ ಘನ ಮೀಟರಿಗೆ ಕಡಿಮೆಯಿಲ್ಲದಿರುವುದು.

3. ಗರಿಷ್ಠ ಪ್ರವಾಹ ಸೆಕೆಂಡಿಗೆ 2,000 ಘನ ಮೀಟರಿಗೆ ಕಡಿಮೆಯಿಲ್ಲದಿರುವುದು.

4. ಅಡಿಪಾಯದ ವಿಶೇಷ ತೊಡಕುಗಳಿರುವುದು.

5. ವಿನ್ಯಾಸ ಅಸಾಮಾನ್ಯವಾಗಿರುವುದು.

ಈಗ ಟಕೋವಾದ ಕಟ್ಟೆಯನ್ನು ಈ ಅಳತೆಗೋಲಿಗೆ ಹಚ್ಚಿ ನೋಡೋಣ. ಎತ್ತರ ಸುಮಾರು 11.6 ಮೀಟರು, 10ರಿಂದ 15ರ ನಡುವೆ ಬರುತ್ತದೆ. ಉದ್ದ ಸುಮಾರು 122 ಮೀಟರು. 500ಕ್ಕೆ ಬಹಳ ಕಡಿಮೆ. ಒಡೆದಾಗ ಇದ್ದ ನೀರು ಸುಮಾರು 7.77 ಲಕ್ಷ ಘನ ಮೀಟರು. ಹತ್ತು ಲಕ್ಷಕ್ಕೆ ಕಡಿಮೆ. ಒಡೆದ ಕಟ್ಟೆಯಿಂದ ಹೊರಬಿದ್ದ ಪ್ರವಾಹವೇ ಸೆಕೆಂಡಿಗೆ 680 ಘನ ಮೀಟರು. 2,000ಕ್ಕೆ ಬಹಳ ಕಡಿಮೆ. ಅಡಿಪಾಯ ಅಥವಾ ವಿನ್ಯಾಸದ ವಿಶೇಷ ಕಾರಣ ತೋರಿಸದ ಹೊರತು, 39 ಜೀವಗಳನ್ನು ಬಲಿ ತೆಗೆದುಕೊಂಡ ಅಂತಹ ಕಟ್ಟೆ ಗಾತ್ರದ ಅಳತೆಯಲ್ಲಿ ಈ ಅಧಿನಿಯಮದ ಹೊರಗೇ ಉಳಿಯುತ್ತದೆ. ಕೋಡಿಯ ವಿನ್ಯಾಸಕ್ಕೆ ಸಂಬಂಧಿಸಿದ 1985ರ ಭಾರತೀಯ ಮಾನಕ 11223ರ ಪ್ರಕಾರವೂ 5 ಲಕ್ಷದಿಂದ 1 ಕೋಟಿ ಘನ ಮೀಟರು ಸಂಗ್ರಹವಿರುವ ಕಟ್ಟೆ ಸಣ್ಣ ಕಟ್ಟೆ. ಅದಕ್ಕೆ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನು ಗಣನೆಗೆ ತೆಗೆದುಕೊಂಡರೆ ಸಾಕೆಂಬುದು ಸಾಮಾನ್ಯ ನಿಯಮ. ಆದರೆ ಕೆಳಭಾಗದಲ್ಲಿ ಜೀವಹಾನಿಯ ಸಂಭವ ಹೆಚ್ಚಿದ್ದಲ್ಲಿ ಅದಕ್ಕಿಂತ ದೊಡ್ಡ ಪ್ರವಾಹವನ್ನು ಪರಿಗಣಿಸಲು ಅದೇ ಮಾನಕ ಅವಕಾಶ ಕೊಟ್ಟಿದೆ ಎಂಬುದನ್ನು ಮರೆಯಬಾರದು.

ಕಾನೂನು ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಆರು ಸಾವಿರಕ್ಕೂ ಹೆಚ್ಚು ಅಣೆಕಟ್ಟುಗಳು ಈಗಾಗಲೇ ಇದರ ವ್ಯಾಪ್ತಿಯಲ್ಲಿವೆ. ಪ್ರತಿಯೊಂದು ಕುಂಟೆಯನ್ನೂ ಅದರೊಳಗೆ ತರುವುದು ಕಾರ್ಯಸಾಧ್ಯವಲ್ಲ. ಆದರೆ ಗೆರೆಯ ಹೊರಗಿರುವುದೆಲ್ಲ ನಿರಪಾಯವೆಂದು ಭಾವಿಸುವುದು ಕಾನೂನಿನ ಮಾತಲ್ಲ, ನಮ್ಮ ಊಹೆ ಮಾತ್ರ.

ಮಾಲೀಕನ ಹೊಣೆ

ಅಧಿನಿಯಮದ ವ್ಯಾಪ್ತಿಗೆ ಒಳಪಟ್ಟ ಅಣೆಕಟ್ಟಿನ ಮಾಲೀಕನು ಮುಂಗಾರಿಗೆ ಮೊದಲೂ ನಂತರವೂ ತಪಾಸಣೆ ಮಾಡಿಸಬೇಕು; ಪ್ರವಾಹ, ಭೂಕಂಪಗಳಾದಾಗಲೂ ಪರಿಶೀಲಿಸಬೇಕು. ದುರಸ್ತಿಗೆ ಹಣ ಮೀಸಲಿಡಬೇಕು. ತುರ್ತು ಕಾರ್ಯ ಯೋಜನೆ ಸಿದ್ಧಪಡಿಸಬೇಕು. ಸ್ವತಂತ್ರ ತಜ್ಞರಿಂದ ಸಮಗ್ರ ಸುರಕ್ಷತಾ ಮೌಲ್ಯಮಾಪನ ಮಾಡಿಸಬೇಕು. ಮೊದಲ ಮೌಲ್ಯಮಾಪನಕ್ಕೆ ಅಧಿನಿಯಮ ಜಾರಿಗೆ ಬಂದಂದಿನಿಂದ ಐದು ವರ್ಷಗಳ ಅವಧಿ ನೀಡಲಾಗಿದೆ. ಅಧಿಕಾರಿಗಳನ್ನು ತಡೆಯುವವರಿಗೆ ಅಥವಾ ನಿರ್ದೇಶನ ಪಾಲಿಸದವರಿಗೆ ಒಂದು ವರ್ಷದವರೆಗೆ ಕಾರಾಗೃಹವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅದರಿಂದ ಜೀವಹಾನಿ ಅಥವಾ ಸನ್ನಿಹಿತ ಅಪಾಯ ಉಂಟಾದರೆ ಅವಧಿ ಎರಡು ವರ್ಷಗಳವರೆಗೆ ಏರಬಹುದು.

ಗಾತ್ರದಲ್ಲಿ ಚಿಕ್ಕದಾದ ಕಟ್ಟೆಯ ಮಾಲೀಕನೂ ನಷ್ಟದ ಹೊಣೆಯಿಂದ ಮುಕ್ತನಲ್ಲ. ಈ ವಿಷಯದಲ್ಲಿ ಎರಡು ಹಳೆಯ ತೀರ್ಪುಗಳು ಬೋಧಪ್ರದವಾಗಿವೆ. ಇಂಗ್ಲೆಂಡಿನ ಗಿರಣಿ ಮಾಲೀಕನೊಬ್ಬ ತನ್ನ ಭೂಮಿಯಲ್ಲಿ ಕಟ್ಟಿಸಿದ ನೀರಿನ ಸಂಗ್ರಹ ಒಡೆದು ನೆರೆಯವನ ಗಣಿಗೆ ನೀರು ನುಗ್ಗಿತು. 1868ರಲ್ಲಿ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಎಂಬ ಆ ಮೊಕದ್ದಮೆಯಲ್ಲಿ, ತಪ್ಪಿಸಿಕೊಂಡರೆ ಕೇಡು ಮಾಡಬಲ್ಲ ವಸ್ತುವನ್ನು ತನ್ನ ಸ್ವಂತ ಪ್ರಯೋಜನಕ್ಕಾಗಿ ತಂದಿಟ್ಟುಕೊಂಡವನು, ಅಲಕ್ಷ್ಯ ತೋರದಿದ್ದರೂ, ಹಾನಿಗೆ ಹೊಣೆಗಾರನೆಂಬ ತತ್ತ್ವ ಸ್ಥಾಪಿತವಾಯಿತು. ಆರು ವರ್ಷಗಳ ನಂತರ, 1874ರಲ್ಲಿ, ಮದ್ರಾಸ್ ರೈಲ್ವೆ ಕಂಪನಿಗೂ ಕಾರ್ವೇಟಿನಗರದ ಜಮೀನ್ದಾರರಿಗೂ ನಡೆದ ವ್ಯಾಜ್ಯ ಪ್ರಿವಿ ಕೌನ್ಸಿಲ್ ಮುಂದೆ ಬಂದಿತು. ಜಮೀನ್ದಾರರ ಕೆರೆಗಳು ಒಡೆದು ರೈಲು ಮಾರ್ಗಕ್ಕೆ ಹಾನಿಯಾಗಿತ್ತು. ಕೆರೆಗಳು ಈ ದೇಶದ ಪುರಾತನ ವ್ಯವಸ್ಥೆ, ಅನೇಕ ರೈತರ ಜೀವನಾಧಾರ, ಅವುಗಳನ್ನು ಉಳಿಸಿಕೊಂಡು ಬರುವುದು ಜಮೀನ್ದಾರರ ಕರ್ತವ್ಯ. ಆದುದರಿಂದ ಅಲಕ್ಷ್ಯ ಸಾಬೀತಾಗದೆ ಅವರನ್ನು ಹೊಣೆ ಮಾಡಲಾಗದೆಂದು ತೀರ್ಪಾಯಿತು.

ಜನೋಪಯೋಗಿಯಾದ ಕೆರೆಗೆ ಸಿಕ್ಕಿದ ಈ ರಿಯಾಯಿತಿಯ ಆಧಾರ ಅದರ ಜನೋಪಯೋಗವೇ ಆಗಿದೆ. ತನ್ನ ಅತಿಥಿಗಳ ವಿನೋದಕ್ಕಾಗಿ ನೀರು ನಿಲ್ಲಿಸಿದವನು ಅದೇ ವಾದವನ್ನು ಹೂಡಲು ಅವಕಾಶ ತೀರ ಕಡಿಮೆ. ನೀರು ಅವನದಾದರೆ ನೀರಿನ ಹೊಣೆಯೂ ಅವನದೇ.

ನಾಗರಿಕರು ಗಮನಿಸಬೇಕಾದುದು

ವಿಹಾರಕ್ಕೆ ಹೋದಾಗ, ಅಥವಾ ಇಂತಹ ಕೆರೆಯ ಕೆಳಗೆ ನಿವೇಶನ ಕೊಳ್ಳುವಾಗ, ಸಾಮಾನ್ಯ ನಾಗರಿಕರೂ ಕೆಲವು ಚಿಹ್ನೆಗಳನ್ನು ಗುರುತಿಸಬಹುದು:

1. ಏರಿಯ ಹೊರಮೈಯಲ್ಲಿ ಒದ್ದೆ ಜಾಗ ಅಥವಾ ಜಿನುಗು. ತಿಳಿನೀರು ಸ್ವಲ್ಪ ಜಿನುಗುವುದು ಅನೇಕ ಏರಿಗಳಲ್ಲಿ ಸಹಜ; ಆದರೆ ನೀರು ಕದಡಿ ಮಣ್ಣಿನ ಬಣ್ಣ ತಳೆದಿದ್ದರೆ ಏರಿಯ ಒಡಲು ಕರಗುತ್ತಿದೆಯೆಂದೇ ತಿಳಿಯಬೇಕು.

2. ನೆತ್ತಿಯ ಮೇಲೆ ಬಿರುಕು, ತಗ್ಗು, ಕುಸಿತ.

3. ಏರಿಯ ಮೇಲೆ ದೊಡ್ಡ ಮರಗಳು, ಬಿಲಗಳು.

4. ಕೋಡಿಗೆ ಅಡ್ಡಲಾಗಿ ಜಾಲರಿ, ಗೋಡೆ, ಮರಳಿನ ಚೀಲ ಅಥವಾ ಕಟ್ಟಡ. ನೀರು ಹೆಚ್ಚು ನಿಲ್ಲಲೆಂದು ಕೋಡಿಯನ್ನು ಎತ್ತರಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

5. ತೂಬು ಇಲ್ಲದಿರುವುದು ಅಥವಾ ತುಕ್ಕು ಹಿಡಿದು ಅಲುಗದಿರುವುದು.

ಇವು ಕಂಡುಬಂದಲ್ಲಿ ಮಾಲೀಕನಿಗೂ, ತಹಶೀಲ್ದಾರರಿಗೂ, ಜಿಲ್ಲಾಡಳಿತಕ್ಕೂ ಲಿಖಿತವಾಗಿ ತಿಳಿಸಬೇಕು. 2005ರ ವಿಪತ್ತು ನಿರ್ವಹಣಾ ಅಧಿನಿಯಮದ ಮೇರೆಗೆ ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿಗಳೇ ಆಗಿರುತ್ತಾರೆ. ಕಟ್ಟೆಯ ತಪಾಸಣೆ ನಡೆದಿದೆಯೇ, ಅದು ಯಾವ ವರ್ಗದಲ್ಲಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸರ್ಕಾರಿ ಕಚೇರಿಗಳಿಂದ ಕೇಳಬಹುದು. ಅಪಾಯ ಕಣ್ಣೆದುರಿಗೇ ಇದ್ದರೆ 112 ಸಂಖ್ಯೆಗೆ ಕರೆ ಮಾಡಿ, ಹಳ್ಳದ ಪಾತ್ರದ ಉದ್ದಕ್ಕೂ ಓಡದೆ, ಪಕ್ಕದ ಎತ್ತರದ ನೆಲಕ್ಕೆ ಏರಬೇಕು.

ಮುನ್ನೆಚ್ಚರಿಕೆಯ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. 2020ರ ಮೇ 19ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಖಾಸಗಿ ಒಡೆತನದ ಈಡನ್‌ವಿಲ್ ಅಣೆಕಟ್ಟು ಒಡೆಯಿತು. ಅದರ ಕೋಡಿಯ ಸಾಮರ್ಥ್ಯ ಸಾಲದೆಂಬ ಕಾರಣಕ್ಕೆ ಅದರ ವಿದ್ಯುತ್ ಪರವಾನಗಿಯನ್ನು 2018ರಲ್ಲಿಯೇ ರದ್ದುಪಡಿಸಲಾಗಿತ್ತು. ದುರಸ್ತಿ ಆಗಲಿಲ್ಲ, ಕಟ್ಟೆ ಉಳಿಯಲಿಲ್ಲ. ಅಪಾರ ಆಸ್ತಿ ನಷ್ಟವಾಯಿತು. ಆದರೆ ಸುಮಾರು 10,000 ಜನರನ್ನು ಸಕಾಲದಲ್ಲಿ ಸ್ಥಳಾಂತರಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಟಕೋವಾದಲ್ಲಿ ನಿದ್ರೆಯಲ್ಲಿದ್ದವರಿಗೆ ಸಿಗದೆ ಹೋದದ್ದು ಈ ಕೆಲವು ಗಂಟೆಗಳ ಎಚ್ಚರಿಕೆ.

ಕಟ್ಟೆ ಕಟ್ಟುವುದು ಒಂದು ಬಾರಿಯ ಕೆಲಸ; ಅದನ್ನು ಕಾಯುವುದು ನೀರು ನಿಂತಿರುವವರೆಗಿನ ಕೆಲಸ. ಕಾಯಲು ಸಾಧ್ಯವಿಲ್ಲದವರು ನೀರನ್ನು ಕ್ರಮವಾಗಿ ಇಳಿಸಿ ಕಟ್ಟೆಯನ್ನು ತೆಗೆಸುವುದೇ ಲೇಸು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಹಾನಿಯ ವರ್ಗಕ್ಕೂ ಕಟ್ಟೆಯ ಸ್ಥಿತಿಗೂ ಇರುವ ವ್ಯತ್ಯಾಸವನ್ನು ಒಂದೊಂದು ಉದಾಹರಣೆಯೊಂದಿಗೆ ವಿವರಿಸಿರಿ.

2. ಸೌತ್ ಫೋರ್ಕ್ ಕಟ್ಟೆಯಲ್ಲಿ ಏರಿ, ತೂಬು, ಕೋಡಿ ಈ ಮೂರಕ್ಕೂ ಆದ ಕೇಡುಗಳಾವುವು?

3. ನಿಮ್ಮ ಊರಿನ ಅಥವಾ ಬಡಾವಣೆಯ ಮೇಲ್ಭಾಗದಲ್ಲಿ ಯಾವುದಾದರೂ ಕೆರೆಯ ಕಟ್ಟೆ ಇದೆಯೇ? ಅದರ ಎತ್ತರ, ಉದ್ದ, ಮಾಲೀಕರು ಮತ್ತು ಕೆಳಗಿರುವ ಮನೆಗಳ ವಿವರ ಸಂಗ್ರಹಿಸಿ, ಅದು ಯಾವ ವರ್ಗಕ್ಕೆ ಸೇರಬಹುದೆಂದು ಆಲೋಚಿಸಿರಿ.